ಹಿರಿಯರು ತೀರಿದ ಮನೆಗೆ ವಸೂಲಿಯವರು ಬಂದಾಗ

ಮನೆಯ ಯಜಮಾನ ತೀರಿಕೊಂಡು ಇನ್ನೂ ಮೂರು ದಿನವಾಗಿರುವುದಿಲ್ಲ. ಪಡಸಾಲೆಯಲ್ಲಿ ಹಾಸಿದ ಜಮಖಾನೆ ಎತ್ತಿರುವುದಿಲ್ಲ. ಬೀಗರು ನೆಂಟರು ಮಾತಾಡಿಸಿ ಹೋಗಲು ಬರುತ್ತಲೇ ಇರುತ್ತಾರೆ. ಅವರ ನಡುವೆಯೇ ಬಗಲಲ್ಲಿ ಚೀಲ ಇಟ್ಟುಕೊಂಡ ಒಬ್ಬರು ಬಂದು ಕೂಡುತ್ತಾರೆ. ನಾಲ್ಕು ಸಮಾಧಾನದ ಮಾತು ಹೇಳಿ, ಹಿರಿಯ ಮಗನನ್ನು ಹೊರಗೆ ಕರೆದು ಮೆಲ್ಲಗೆ ಅನ್ನುತ್ತಾರೆ: “ತಮ್ಮಾ, ನಿಮ್ಮಪ್ಪಾರ ಹೆಸರಿಗೆ ಬಾಕಿ ಐತಿ. ಈಗೇನು ರೊಕ್ಕಾ ಕೊಡಬ್ಯಾಡ. ಇಲ್ಲೊಂದು ಸಹಿ ಹಾಕು, ಸುಗ್ಗಿಗೆ ನೋಡೋಣು.”

ದುಃಖದಲ್ಲಿರುವ ಮಗ ಅಪ್ಪನ ಹೆಸರು ಕೆಡಬಾರದೆಂದು ಕಾಗದ ಓದದೆ ಸಹಿ ಮಾಡುತ್ತಾನೆ. ಅಲ್ಲಿಯವರೆಗೆ ಆ ಸಾಲ ತೀರಿಹೋದವರ ಆಸ್ತಿಯ ಮೇಲಿತ್ತು. ಸಹಿ ಬಿದ್ದ ಗಳಿಗೆಯಿಂದ ಅದು ಮಗನ ತಲೆಯ ಮೇಲೆ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ರೈತ ಬಾಂಧವರಿಗೆ ಈ ವಾರ ಹೇಳಬೇಕಾದ ಮುಖ್ಯ ಮಾತು ಇದೊಂದೇ: ದಿನ ಮಾಡುವುದು ಮುಗಿಯುವವರೆಗೆ, ಲೆಕ್ಕ ನೋಡುವವರೆಗೆ, ಯಾವ ಕಾಗದಕ್ಕೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬೇಡಿ.

ಸತ್ತವರ ಮನೆಗೆ ಹಕ್ಕು ಸಾಧಿಸಿಕೊಂಡು ಬರುವವರನ್ನು ನಮ್ಮ ನಾಡು ಹಿಂದೆಯೂ ನೋಡಿದೆ. 1824ರ ಸೆಪ್ಟೆಂಬರದಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಬಂದು ಖಜಾನೆಗೆ ಮೊಹರು ಹಾಕಿಸಿದ. ರಾಣಿ ಚನ್ನಮ್ಮ ಅದನ್ನು ಒಪ್ಪಲಿಲ್ಲ. ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ಇಂದು ನಮ್ಮ ಕೈಯಲ್ಲಿ ಕತ್ತಿ ಬೇಕಾಗಿಲ್ಲ, ಕಾಯ್ದೆ ಇದೆ. ಆದರೆ ಕಾಯ್ದೆ ಏನು ಹೇಳುತ್ತದೆಂದು ತಿಳಿದವನಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಸಾಲ ಯಾರ ಮೇಲೆ ನಿಲ್ಲುತ್ತದೆ?

ತೀರಿಕೊಂಡವರ ಸಾಲ ಸಾಯುವುದಿಲ್ಲ. ಹಾಗೆಂದು ಅದು ಮಗನ ಬೆನ್ನಿಗೆ ಹಾರಿ ಬಂದು ಕೂಡುವುದೂ ಇಲ್ಲ. ಅದು ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲೆ ನಿಲ್ಲುತ್ತದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಮುಗಳ ಪ್ರಕಾರ, ವಾರಸುದಾರನ ಕೈಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವನು ಹೊಣೆ.

ಒಂದು ಲೆಕ್ಕ ಹಾಕಿ ನೋಡೋಣ. ಅಪ್ಪ ಬಿಟ್ಟುಹೋದ ಹೊಲ, ಎತ್ತು, ಬ್ಯಾಂಕಿನಲ್ಲಿದ್ದ ಹಣ ಎಲ್ಲ ಸೇರಿ ಬೆಲೆ 6 ಲಕ್ಷ ರೂಪಾಯಿ. ಸಾಲ 8 ಲಕ್ಷ ಎಂದಿಟ್ಟುಕೊಳ್ಳಿ. ಸಾಲಗಾರರೆಲ್ಲ ಸೇರಿ ಆ 6 ಲಕ್ಷದ ಆಸ್ತಿಗೆ ಕೈ ಹಾಕಬಹುದು. ಉಳಿದ 2 ಲಕ್ಷಕ್ಕೆ ಮಗ ಸ್ವಂತ ದುಡಿಮೆಯಿಂದ ಕೊಂಡ ಬೈಕು, ಸೊಸೆಯ ತವರಿನ ಬಂಗಾರ, ಮಗನ ಪಗಾರ ಇವನ್ನು ಮುಟ್ಟುವಂತಿಲ್ಲ. ಅಪ್ಪ ಏನೂ ಬಿಟ್ಟುಹೋಗಿಲ್ಲವಾದರೆ ವಸೂಲಿ ಮಾಡಲೂ ಏನೂ ಇಲ್ಲ.

“ಅಪ್ಪನ ಸಾಲ ತೀರಿಸುವುದು ಮಗನ ಧರ್ಮ” ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಒಂದು ಕಾಲಕ್ಕೆ ಹಿಂದೂ ಕಾಯ್ದೆಯೂ ಇದನ್ನು ಮನ್ನಿಸುತ್ತಿತ್ತು. 2005ರ ಸೆಪ್ಟೆಂಬರ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಇದನ್ನು ಬದಲಿಸಿತು. ಆ ದಿನದ ನಂತರ ಮಾಡಿದ ಸಾಲಕ್ಕೆ, ಮಗ ಅಥವಾ ಮೊಮ್ಮಗ ಎಂಬ ಒಂದೇ ಕಾರಣದಿಂದ ಅವನ ಮೇಲೆ ವಸೂಲಿಗೆ ಹೋಗಲು ಕೋರ್ಟು ಒಪ್ಪುವುದಿಲ್ಲ. ಅದೇ ಕಾಯ್ದೆ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಆದ್ದರಿಂದ ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರೂ ವಾರಸುದಾರರೇ. ಅವರ ಹೊಣೆಯೂ ಬಂದ ಪಾಲಿನ ಮಟ್ಟಿಗೇ. ಮುಸಲ್ಮಾನ ಬಾಂಧವರಲ್ಲಿಯೂ ಮೊದಲು ಸಾಲ, ಆಮೇಲೆ ಪಾಲು ಎಂಬುದೇ ನಿಯಮ. ವಾರಸುದಾರ ತನ್ನ ಪಾಲಿನಷ್ಟಕ್ಕೇ ಹೊಣೆಯಾಗುತ್ತಾನೆ.

ಇದಕ್ಕೆ ಎರಡು ಅಪವಾದಗಳಿವೆ. ಇವನ್ನು ಮರೆಯಬಾರದು. ಒಂದು, ಅವಿಭಕ್ತ ಮನೆತನದ ಯಜಮಾನ ಬಾವಿ ತೋಡಿಸಲು, ಬೀಜ ಗೊಬ್ಬರಕ್ಕೆ, ಮದುವೆಗೆ ಹೀಗೆ ಮನೆತನದ ಅಗತ್ಯಕ್ಕೆ ಸಾಲ ಮಾಡಿದ್ದರೆ, ಅದು ಎಲ್ಲರ ಪಾಲೂ ಸೇರಿದ ಮನೆತನದ ಆಸ್ತಿಗೆ ತಗಲುತ್ತದೆ. ಎರಡು, ಅಪ್ಪನ ಸಾಲಪತ್ರದಲ್ಲಿ ನೀವೂ ಜೊತೆ ಸಾಲಗಾರರೆಂದೋ ಜಾಮೀನುದಾರರೆಂದೋ ಸಹಿ ಮಾಡಿದ್ದರೆ, ಆ ಸಾಲ ಮೊದಲಿನಿಂದಲೂ ನಿಮ್ಮದೇ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆಂದು ಕರಾರು ಕಾಯ್ದೆಯ 128ನೆಯ ಕಲಮು ಹೇಳುತ್ತದೆ.

ಮೊದಲು ಮಾಡಬೇಕಾದ ಕೆಲಸ

ಬಂದವರಿಗೆ ಸಿಟ್ಟಿನಿಂದ ಮಾತಾಡುವ ಕಾರಣವಿಲ್ಲ. “ಅಣ್ಣಾರ, ದಿನಾ ಮುಗೀಲಿ. ನಿಮ್ಮ ಕಾಗದದ ಝೆರಾಕ್ಸ್ ಕೊಟ್ಟು ಹೋಗ್ರಿ, ನೋಡಿ ಹೇಳತೇವಿ” ಎಂದರೆ ಸಾಕು. ನಿಜವಾದ ಸಾಲ ಕೊಟ್ಟವನು ಕಾಗದ ತೋರಿಸಲು ಹಿಂಜರಿಯುವುದಿಲ್ಲ. ಬಾಯಿಮಾತಿನಲ್ಲಿ “ಕೊಡತೇನಿ” ಎಂದು ಆಣೆ ಮಾಡಬೇಡಿ. ನಿಮ್ಮ ಹೆಸರಿನ ಚೆಕ್ಕನ್ನಂತೂ ಕೊಡಲೇಬೇಡಿ. ಅಪ್ಪ ಕೊಟ್ಟಿದ್ದ ಚೆಕ್ಕು ವಾಪಸ್ಸಾದರೆ ಅದಕ್ಕಾಗಿ ಮಕ್ಕಳ ಮೇಲೆ ಕ್ರಿಮಿನಲ್ ಖಟ್ಲೆ ನಡೆಯುವುದಿಲ್ಲ. ನೀವು ಬರೆದ ಚೆಕ್ಕು ವಾಪಸ್ಸಾದರೆ ಕೋರ್ಟು ಅಲೆಯುವವರು ನೀವೇ.

ಅನಂತರ ಈ ಕೆಲಸಗಳನ್ನು ಒಂದೊಂದಾಗಿ ಮಾಡಿ:

1. ಮರಣವನ್ನು 21 ದಿನಗಳ ಒಳಗೆ ನೋಂದಾಯಿಸಿ, ದಾಖಲೆಯ ಏಳೆಂಟು ಪ್ರತಿ ತೆಗೆದುಕೊಳ್ಳಿ. ಬ್ಯಾಂಕು, ಸೊಸೈಟಿ, ವಿಮೆ, ಉತಾರ ಎಲ್ಲಕ್ಕೂ ಅದು ಬೇಕು.

2. ನಾಡಕಚೇರಿಯಲ್ಲಿ ವಂಶಾವಳಿಗೆ ಅರ್ಜಿ ಕೊಡಿ. ಹೊಲಕ್ಕೆ ವಾರಸಾ ಹಚ್ಚಿಸುವ ಕೆಲಸವನ್ನು ಮುಂದೂಡಬೇಡಿ.

3. ಎಲ್ಲ ಸರ್ವೆ ನಂಬರುಗಳ ಹೊಸ ಉತಾರ ತೆಗೆಸಿ, 11ನೆಯ ಕಾಲಂ ನೋಡಿ. ಯಾವ ಬ್ಯಾಂಕಿನ, ಯಾವ ಸಂಘದ ಎಷ್ಟು ಬೋಜಾ ಇದೆ ಎಂಬುದು ಅಲ್ಲಿ ಬರೆದಿರುತ್ತದೆ. ಮೊದಲೇ ತೀರಿಸಿದ ಸಾಲದ ಬೋಜಾ ಹಾಗೇ ಉಳಿದಿದ್ದರೂ ಅಲ್ಲಿಯೇ ಗೊತ್ತಾಗುತ್ತದೆ.

4. ಅಪ್ಪನ ಟ್ರಂಕು, ಗೂಡು, ಅಂಗಿಯ ಕಿಸೆ ಎಲ್ಲ ನೋಡಿ ಪಾಸ್‌ಬುಕ್ಕು, ಪಾವತಿ, ದಲಾಲಿ ಅಂಗಡಿಯ ಪಟ್ಟಿ, ಬಂಗಾರ ಅಡವಿಟ್ಟ ಚೀಟಿ ಒಂದೆಡೆ ಕೂಡಿಸಿ. ಕೈಬರಹದ ಒಂದು ಚೂರನ್ನೂ ಎಸೆಯಬೇಡಿ.

5. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅಪ್ಪನ ಆಸ್ತಿ ಮತ್ತು ಬರಬೇಕಾದ ಹಣ, ಬಲಕ್ಕೆ ಅಪ್ಪನ ಸಾಲ ಬರೆಯಿರಿ. ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು, ಅಪ್ಪ ಬೇರೆಯವರಿಗೆ ಕೊಟ್ಟ ಕೈಗಡ ಎಡಗಡೆಗೆ ಬರಬೇಕು.

ಅಪ್ಪನ ಎ.ಟಿ.ಎಂ. ಕಾರ್ಡಿನಿಂದ ಗುಟ್ಟಾಗಿ ಹಣ ತೆಗೆಯುವುದು, ಅವಸರದಿಂದ ಎತ್ತು ಮಾರುವುದು ಮಾಡಬೇಡಿ. ಅಪ್ಪನ ಆಸ್ತಿ ನಿಮ್ಮ ಕೈಗೆ ಬಂದು, ಅದು ಎಲ್ಲಿಗೆ ಹೋಯಿತೆಂದು ನೀವು ಕೋರ್ಟಿಗೆ ಲೆಕ್ಕ ಕೊಡಲಾರದೆ ಹೋದರೆ, ಅಷ್ಟು ಮೊತ್ತಕ್ಕೆ ನಿಮ್ಮ ಸ್ವಂತ ಆಸ್ತಿಯ ಮೇಲೆ ಬರಲು 52ನೆಯ ಕಲಮಿನಲ್ಲಿಯೇ ಅವಕಾಶವಿದೆ. ಮಣ್ಣು ಮಾಡಿದ ಯೋಗ್ಯ ಖರ್ಚು, ತೀರಿಸಿದ ಸಾಲ ಎಲ್ಲಕ್ಕೂ ಪಾವತಿ ಇಟ್ಟುಕೊಳ್ಳಿ.

ಒಂದೊಂದು ಸಾಲಕ್ಕೆ ಒಂದೊಂದು ದಾರಿ

ಸೊಸೈಟಿಯ ಬೆಳೆಸಾಲ: ಪಿ.ಕೆ.ಪಿ.ಎಸ್.ನಲ್ಲಿ ಅಪ್ಪನ ಹೆಸರಿಗೆ ಬೆಳೆಸಾಲ ಇದ್ದರೆ ವಾಯಿದೆ ಮುಗಿಯುವ ಮೊದಲೇ ಹೋಗಿ ಕಾರ್ಯದರ್ಶಿಗೆ ಮರಣದ ದಾಖಲೆ ಕೊಡಿ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ 2023–24ರಿಂದ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲ. ಆದರೆ ಈ ಸವಲತ್ತು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಮನೆಯಲ್ಲಿ ಸಾವಾಯಿತೆಂದು ಸುಮ್ಮನೆ ಕುಳಿತರೆ ಬಡ್ಡಿ ಏರುತ್ತದೆ. ಅಪ್ಪನ ಷೇರು ಹಣ ಎಷ್ಟಿದೆ, ನಾಮಿನಿ ಯಾರು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಸಂಘದ ಬಾಕಿ ವಸೂಲಿಗೆ 1959ರ ಕರ್ನಾಟಕ ಸಹಕಾರಿ ಸಂಘಗಳ ಕಾಯ್ದೆಯಲ್ಲಿ ಬೇರೆಯೇ ದಾರಿ ಇದೆ. ಆದ್ದರಿಂದ ಮುಂದೆ ಹೇಳುವ ಮೂರು ವರ್ಷದ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ.

ಬ್ಯಾಂಕಿನ ಸಾಲ: ಹೊಲ ಅಡವಿಟ್ಟ ಸಾಲವಾಗಿದ್ದರೆ ಹೊಲ ಯಾರ ಹೆಸರಿಗೆ ಹೋದರೂ ಬೋಜಾ ಅದರ ಹಿಂದೆಯೇ ಹೋಗುತ್ತದೆ. ಆದರೆ ಕೋರ್ಟಿಗೆ ಹೋಗದೆ ನೇರವಾಗಿ ಜಪ್ತಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಸಾಗುವಳಿ ಜಮೀನಿಗೆ ಅನ್ವಯಿಸುವುದಿಲ್ಲ. “ನಾಳೆ ಬಂದು ಹೊಲಕ್ಕ ಬೋರ್ಡ್ ಹಾಕತೇವಿ” ಎಂಬ ಮಾತಿಗೆ ಹೆದರುವುದು ಬೇಡ. ಮ್ಯಾನೇಜರರನ್ನು ಕಂಡು ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಲೆಕ್ಕಪತ್ರವನ್ನು ಬರಹದಲ್ಲಿ ಕೇಳಿ. ಒಂದೇ ಗಂಟಿನಲ್ಲಿ ತೀರಿಸಿದರೆ ಏನು ಬಿಡುತ್ತೀರೆಂದು ಕೇಳಲು ನಾಚಿಕೆ ಬೇಡ. ಒಪ್ಪಂದವಾದರೆ ಅದೂ ಬರಹದಲ್ಲಿರಲಿ. ಹಣ ಕಟ್ಟಿದ ಮೇಲೆ ಬೋಜಾ ಕಡಿಮೆ ಮಾಡಿಸಿಕೊಂಡೇ ಬನ್ನಿ.

ದಲಾಲಿ ಅಂಗಡಿಯ ಉದ್ರಿ: ಹತ್ತಿ, ಸೋಯಾ, ಕಡಲೆ ಹಾಕುವ ಅಂಗಡಿಯಲ್ಲಿ ಮುಂಗಡ ತರುವುದು ನಮ್ಮಲ್ಲಿ ರೂಢಿ. ಲೆಕ್ಕ ಹೆಚ್ಚಾಗಿ ಅಂಗಡಿಯ ಪುಸ್ತಕದಲ್ಲಷ್ಟೇ ಇರುತ್ತದೆ. ಪುಸ್ತಕದ ಬರಹ ಸಾಕ್ಷ್ಯವಾದೀತು, ಆದರೆ ಅದೊಂದರಿಂದಲೇ ಯಾರ ಮೇಲೂ ಸಾಲ ಹೊರಿಸಲಾಗದು ಎಂಬುದು ಸಾಕ್ಷ್ಯ ಕಾಯ್ದೆಯ ಹಳೆಯ ನಿಯಮ; 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಅಪ್ಪ ಯಾವ ಸುಗ್ಗಿಯಲ್ಲಿ ಎಷ್ಟು ಚೀಲ ಹಾಕಿದ್ದ, ಅದರ ಹಣ ಎಷ್ಟು ಜಮಾ ಆಗಿದೆ ಎಂದು ಪಟ್ಟಿಗಳೊಡನೆ ತಾಳೆ ನೋಡಿ. ಅಂಗಡಿಯವರೊಂದಿಗೆ ಮುಂದೆಯೂ ವ್ಯವಹಾರ ಇರುವುದರಿಂದ ಇದನ್ನು ಊರ ಹಿರಿಯರಿಬ್ಬರನ್ನು ಕೂಡಿಸಿ ಕುಳಿತು ಬಗೆಹರಿಸುವುದು ಲೇಸು.

ಖಾಸಗಿ ಬಡ್ಡಿ ಸಾಲ: ಬಡ್ಡಿ ವ್ಯವಹಾರ ಮಾಡುವವನಿಗೆ 1961ರ ಕರ್ನಾಟಕ ಲೇವಾದೇವಿಗಾರರ ಕಾಯ್ದೆಯಂತೆ ಲೈಸೆನ್ಸು ಇರಬೇಕು. ಇಲ್ಲದವನು ಕೋರ್ಟಿಗೆ ಹೋದರೆ ಡಿಕ್ರಿ ಸಿಗುವುದಿಲ್ಲ. ಆದ್ದರಿಂದ ಮೊದಲು “ಲೈಸೆನ್ಸ್ ತೋರಸ್ರಿ” ಅನ್ನಿ. ನೆರೆಯವರು ಕಷ್ಟಕ್ಕೆ ಕೊಟ್ಟ ಕೈಗಡಕ್ಕೆ ಈ ಮಾತು ಹೊಂದುವುದಿಲ್ಲ. ಬಡ್ಡಿಯ ವಿಷಯದಲ್ಲಿ ನಮ್ಮ ಹಿರಿಯರು ಬಲ್ಲ ಇನ್ನೊಂದು ನಿಯಮವಿದೆ. ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಹಳೆಯ ಮುಂಬಯಿ ಪ್ರಾಂತದ ಕೋರ್ಟುಗಳು ಹಿಂದೂ ಸಾಲಗಾರರಿಗೆ ‘ದಾಮ್‌ದುಪಟ್’ ನಿಯಮ ಹಚ್ಚುತ್ತಿದ್ದವು. ಒಮ್ಮೆಗೆ ಕೇಳುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದರ ತಿರುಳು. 20 ಸಾವಿರದ ಅಸಲಿಗೆ 70 ಸಾವಿರ ಬಡ್ಡಿ ಬರೆದು ತಂದರೆ, ವಕೀಲರ ಮುಂದೆ ಈ ಹೆಸರು ಹೇಳಿ ಕೇಳಿ.

ಮೈಕ್ರೋ ಫೈನಾನ್ಸು: ಈ ಸಾಲ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿನಲ್ಲಿರುತ್ತದೆ. ಅವ್ವ ತೀರಿಕೊಂಡಿದ್ದರೆ, ಇಲ್ಲವೆ ಸಾಲದಲ್ಲಿ ಜೊತೆ ಸಹಿ ಮಾಡಿದ ಗಂಡ ತೀರಿಕೊಂಡಿದ್ದರೆ, ಮೊದಲು ಸಾಲದ ಕಾರ್ಡು ಹುಡುಕಿ. ಸಾಲ ಕೊಡುವಾಗಲೇ ವಿಮೆಯ ಕಂತು ಹಿಡಿದುಕೊಂಡಿದ್ದರೆ ಅದು ಕಾರ್ಡಿನಲ್ಲಿ ಬರೆದಿರಬೇಕು. ಹಾಗಿದ್ದರೆ ಬಾಕಿ ತೀರಿಸಬೇಕಾದದ್ದು ವಿಮಾ ಕಂಪನಿ. ವಿಮೆಯ ಅರ್ಜಿ ಕೊಡದೆ ವಾರದ ಕಂತನ್ನೇ ಕಟ್ಟುತ್ತ ಹೋಗಬೇಡಿ. ಗುಂಪಿನ ಉಳಿದವರು ಜಾಮೀನು ಬರೆದುಕೊಟ್ಟಿದ್ದಾರೆಯೇ ಎಂಬುದನ್ನೂ ಕಾಗದದಲ್ಲಿಯೇ ನೋಡಿ, ಬಾಯಿಮಾತು ನಂಬಬೇಡಿ.

ಟ್ರ್ಯಾಕ್ಟರ್ ಮತ್ತು ಬಂಗಾರ: ಟ್ರ್ಯಾಕ್ಟರ್ ಸಾಲದಲ್ಲಿ ಗಾಡಿಯೇ ಒತ್ತೆ. ಕಂತು ನಿಂತರೆ ಕಂಪನಿಗೆ ಹಕ್ಕಿದೆ ನಿಜ. ಆದರೆ ದಾಂಡಿಗರನ್ನು ಕಳಿಸಿ ಗಾಡಿ ಎಳೆದೊಯ್ಯುವುದನ್ನು ಸುಪ್ರೀಂ ಕೋರ್ಟು 2007ರಲ್ಲಿಯೇ ಖಂಡಿಸಿದೆ. ಬಂಗಾರ ಅಡವಿಟ್ಟಿದ್ದರೆ ಚೀಟಿ ಮತ್ತು ಮರಣದ ದಾಖಲೆ ಹಿಡಿದು ಹೋಗಿ, ವಾರಸುದಾರರು ಬಿಡಿಸಿಕೊಳ್ಳುತ್ತೇವೆ, ಅಲ್ಲಿಯವರೆಗೆ ಹರಾಜು ಮಾಡಬೇಡಿ ಎಂದು ಬರಹದಲ್ಲಿ ಕೊಟ್ಟು ನಕಲಿಗೆ ಶಿಕ್ಕಾ ಹಾಕಿಸಿಕೊಂಡು ಬನ್ನಿ.

ಮೂರು ವರ್ಷದ ಲೆಕ್ಕ, ಒಂದು ಸಹಿಯ ಬೆಲೆ

ಕೈಪತ್ರದ ಸಾಲಕ್ಕೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅಡವಿನ ಮೇಲಿನ ವಸೂಲಿಗೆ 12 ವರ್ಷ ಅವಧಿ. 1963ರ ಕಾಲಮಿತಿ ಕಾಯ್ದೆಯ ಮಾತಿದು. ಅವಧಿ ಮೀರಿದ ಕೈಪತ್ರದ ಸಾಲಕ್ಕೆ ಕೋರ್ಟಿನ ದಾರಿ ಮುಚ್ಚಿದಂತೆ.

ಆದರೆ ಆ ಬಾಗಿಲನ್ನು ನಿಮ್ಮ ಸಹಿ ತೆರೆಯಬಲ್ಲದು. ಅವಧಿ ಇನ್ನೂ ಉಳಿದಿರುವಾಗ “ಬಾಕಿ ಇದೆ” ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. 500 ರೂಪಾಯಿ ಕೊಟ್ಟು ಸಾಲದ ಪತ್ರದ ಬೆನ್ನಿಗೆ ಸಹಿ ಹಾಕಿದರೂ ಹಾಗೆಯೇ. ಅವಧಿ ಮೀರಿದ ಮೇಲೂ “ಕೊಡುತ್ತೇನೆ” ಎಂದು ಬರೆದು ಸಹಿ ಮಾಡಿದರೆ, ಕರಾರು ಕಾಯ್ದೆಯ 25ನೆಯ ಕಲಮಿನಂತೆ ಅದು ಹೊಸ ಕರಾರೇ ಆಗುತ್ತದೆ. ವಸೂಲಿಗೆ ಬಂದವರು ಹಣಕ್ಕಿಂತ ಮೊದಲು ಸಹಿ ಕೇಳುವುದು ಇದಕ್ಕಾಗಿಯೇ. ಪಡಸಾಲೆಯಲ್ಲಿ ಕುಳಿತು “ಈಗೇನು ರೊಕ್ಕಾ ಬ್ಯಾಡ” ಎನ್ನುವ ಮಾತಿನ ಒಳಗುಟ್ಟು ಈಗ ತಿಳಿಯಿತಲ್ಲವೆ?

ಕಾಯ್ದೆ ಮುಟ್ಟಗೊಡದ ವಸ್ತುಗಳು

ಕೋರ್ಟಿನ ಡಿಕ್ರಿ ಆದರೂ ಎಲ್ಲವನ್ನೂ ಜಪ್ತಿ ಮಾಡುವಂತಿಲ್ಲ. ದಿವಾಣಿ ಸಂಹಿತೆಯ 60ನೆಯ ಕಲಮು ಅಡುಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ, ರೈತನ ಒಕ್ಕಲುತನದ ಸಾಮಾನು, ಜೀವನಕ್ಕೆ ಬೇಕಾದಷ್ಟು ದನ ಮತ್ತು ಬೀಜದ ಕಾಳು, ರೈತ ವಾಸಿಸುವ ಮನೆ ಇವನ್ನು ಹೊರಗಿಟ್ಟಿದೆ. ಆ ಮನೆಯನ್ನೇ ಅಡವಿಟ್ಟಿದ್ದರೆ ಮಾತ್ರ ಮಾತು ಬೇರೆ. ವಾರಸುದಾರನೂ ಒಕ್ಕಲಿಗನಾಗಿ ಅದೇ ಮನೆಯಲ್ಲಿದ್ದರೆ ಈ ರಕ್ಷಣೆಯನ್ನು ಕೋರ್ಟಿನ ಮುಂದೆ ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಪಾಸ್‌ಬುಕ್ಕಿನಲ್ಲಿ 436 ಮತ್ತು 20 ಹುಡುಕಿ

ಸಾಲದ ಚಿಂತೆಯಲ್ಲಿ ಬರಬೇಕಾದ ಹಣವನ್ನು ಅನೇಕರು ಮರೆಯುತ್ತಾರೆ. ಅಪ್ಪನ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಆಸುಪಾಸು 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವ ಕಾರಣದಿಂದ ತೀರಿಕೊಂಡರೂ ನಾಮಿನಿಗೆ 2 ಲಕ್ಷ ರೂಪಾಯಿ ಬರುತ್ತದೆ. ಹೊಸದಾಗಿ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತವಲ್ಲದ ಸಾವಿಗೆ ಮಾತ್ರ ಇದು ಸಿಗದು. 20 ರೂಪಾಯಿ ಕಡಿತ ಸುರಕ್ಷಾ ವಿಮೆಯದು; ಅಪಘಾತದ ಸಾವಿಗೆ 2 ಲಕ್ಷ. ಹೊಲದಲ್ಲಿ ಹಾವು ಕಚ್ಚಿ, ಗಿಡದಿಂದ ಬಿದ್ದು ತೀರಿದರೂ ಇದು ಸಲ್ಲುತ್ತದೆ. ಆದರೆ ಕೂಡಲೇ ತೋರಿಸಿದ ಆಸ್ಪತ್ರೆಯ ದಾಖಲೆ ಬೇಕು. ಅವಸರದಲ್ಲಿ ಮಣ್ಣು ಮಾಡಿ ದಾಖಲೆ ಕಳೆದುಕೊಳ್ಳಬೇಡಿ.

ದಬ್ಬಾಳಿಕೆ ಮಾಡಿದರೆ

ರಿಜರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಮೈಕ್ರೋ ಸಾಲದ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರಬಾರದು. ಬೈಯುವುದು, ಬೆದರಿಸುವುದು, ನೆಂಟರಿಷ್ಟರನ್ನು ಕಾಡುವುದು ಕೂಡದು. ದೂರನ್ನು ಮೊದಲು ಆ ಸಂಸ್ಥೆಗೇ ಬರೆದು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು. ವಿಚಾರಿಸಲು 14448ಕ್ಕೆ ಫೋನ್ ಮಾಡಿ.

2025ರ ಆರಂಭದಲ್ಲಿ ಬೆಳಗಾವಿಯೂ ಸೇರಿ ರಾಜ್ಯದ ಅನೇಕ ಜಿಲ್ಲೆಗಳಿಂದ ವಸೂಲಿಯ ಕಿರುಕುಳದ ಕೂಗು ಎದ್ದಾಗ, ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಳಿಕ ಅದನ್ನು ಕಾಯ್ದೆ ಮಾಡಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ ಅದರಲ್ಲಿ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಪೊಲೀಸರು ದೂರು ತೆಗೆದುಕೊಳ್ಳಲು ಒಲ್ಲೆ ಎನ್ನುವಂತಿಲ್ಲ.

ಕೋರ್ಟಿನ ಸಮನ್ಸು ಬಂದರೆ ಮಾತ್ರ ಎಂದೂ ಅಲಕ್ಷ್ಯ ಮಾಡಬೇಡಿ. ಹಾಜರಾಗದೆ ಹೋದರೆ ಏಕಪಕ್ಷೀಯ ಡಿಕ್ರಿ ಆಗಿಬಿಡುತ್ತದೆ. ತಾಲೂಕಿನ ಕೋರ್ಟಿನ ಆವಾರದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಅಲ್ಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಗಂಡನನ್ನು ಕಳೆದುಕೊಂಡ ತಾಯಂದಿರು ಇದನ್ನು ಉಪಯೋಗಿಸಿಕೊಳ್ಳಬೇಕು. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟಿನ ಫೀ ಇಲ್ಲ. ಅಲ್ಲಿಯ ತೀರ್ಪಿಗೆ ಅಪೀಲು ಇಲ್ಲವಾದ್ದರಿಂದ ಮೊತ್ತವನ್ನು ಎರಡು ಸಲ ಓದಿಸಿಕೊಂಡು ಒಪ್ಪಿಕೊಳ್ಳಿ.

ಕೊನೆಯ ಮಾತು

ಇಷ್ಟೆಲ್ಲ ಹೇಳಿದ್ದು ಸಾಲ ಮುಳುಗಿಸಿರೆಂದು ಅಲ್ಲ. ಬೀಜಕ್ಕೆ, ಬಾವಿಗೆ, ಮಗಳ ಮದುವೆಗೆ ನಂಬಿ ಕೊಟ್ಟವರ ಹಣವನ್ನು ಅಪ್ಪನ ಆಸ್ತಿಯಿಂದ ತೀರಿಸುವುದು ನ್ಯಾಯ. ಆಸ್ತಿ ಸಾಲದಿದ್ದರೂ ನೆರೆಯವರ ಕೈಗಡವನ್ನು ತನ್ನ ದುಡಿಮೆಯಿಂದ ತೀರಿಸುತ್ತೇನೆ ಎನ್ನುವ ಮಗನನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ, ಊರೂ ಮೆಚ್ಚುತ್ತದೆ. ಆದರೆ ಅದು ಲೆಕ್ಕ ನೋಡಿ, ತಿಳಿದು, ಪಾವತಿ ಪಡೆದು ಮಾಡುವ ಕೆಲಸವಾಗಲಿ. ಹೆದರಿ, ಅತ್ತು, ಕತ್ತಲಲ್ಲಿ ಸಹಿ ಹಾಕಿ ಮಾಡುವ ಕೆಲಸವಾಗಬಾರದು.

ಯಜಮಾನರಾದವರೂ ಒಂದು ಉಪಕಾರ ಮಾಡಬೇಕು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಕಾಗದ ಎಲ್ಲಿದೆ, ನಾಮಿನಿ ಯಾರು ಎಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದು ಮನೆಯವಳಿಗೆ ಹೇಳಿಡಿ. ಬರೆಯಲು ಬಾರದವರು ಮೊಮ್ಮಗನ ಕೈಯಿಂದ ಬರೆಸಿ. ಆ ಒಂದು ಹಾಳೆ ಇದ್ದ ಮನೆಯಲ್ಲಿ ಬಗಲಚೀಲದವರ ಮಾತಿಗೆ ಯಾರೂ ಗಾಬರಿಯಾಗುವುದಿಲ್ಲ.